ಈ ಸಲ ನಮ್ಮ ಬೇಸ್‌ಬಾಲ್ ಟೀಮೇ ಬೇರೆ

ಕನ್ನಡಿಗರು ಹತ್ತು ಜನ ಒಂದು ಕಡೆ ಸೇರಿದರೆ ಸಂಘ ಕಟ್ಟುತ್ತಾರೆ, ರಾಜ್ಯೋತ್ಸವ ಮಾಡುತ್ತಾರೆ, ಬಿಸಿಬೇಳೆಬಾತಿಗೆ ಉಪ್ಪು ಕಮ್ಮಿ ಅಂತ ಮುನಿಸಿಕೊಳ್ಳುತ್ತಾರೆ. ನೈರೋಬಿಯಲ್ಲಿ ನಾವು ಇದೆಲ್ಲ ಮುಗಿಸಿ ಒಂದು ಬೇಸ್‌ಬಾಲ್ ಟೀಮನ್ನೂ ಕಟ್ಟಿದೆವು. ಅವತ್ತಿನಿಂದ ನಗೆಪಾಟಲಾಗದ ಭಾನುವಾರವೇ ನಮ್ಮ ಪಾಲಿಗೆ ಬಂದಿಲ್ಲ.

ಆಡಬೇಕು ಅಂದುಕೊಂಡಿದ್ದು ಕ್ರಿಕೆಟ್ಟೇ. ಆದರೆ ನಾವಿರುವ ಪಾರ್ಕ್‌ಲ್ಯಾಂಡ್ಸ್ ಸುತ್ತಮುತ್ತ ಭಾನುವಾರ ಒಂದು ಮೈದಾನವೂ ಖಾಲಿ ಇರುವುದಿಲ್ಲ. ಗುಜರಾತಿಗಳು ತಾತನ ಕಾಲದಿಂದ ಅಲ್ಲಿ ಸ್ಟಂಪು ನೆಟ್ಟಿದ್ದಾರೆ. ಆಗ ಗಿಗಿರಿ ಬಡಾವಣೆಯ ಕಚೇರಿಯೊಂದರಲ್ಲಿದ್ದ ಅಮೆರಿಕದವರೊಬ್ಬರು, "ನಮ್ಮ ಬೇಸ್‌ಬಾಲ್ ಲೀಗಿಗೆ ಒಂದು ಟೀಮ್ ಕಮ್ಮಿ ಇದೆ, ಬರ್ತೀರಾ?" ಅಂದರು. ಬ್ಯಾಟೂ ಇದೆ, ಬಾಲೂ ಇದೆ, ಇನ್ನೇನು ಬೇಕು ಅಂತ ಹೋದೆವು. ಕಿಟ್ ಹಿಡಿಸುವಷ್ಟು ದೊಡ್ಡ ಡಿಕ್ಕಿ ಇದ್ದದ್ದು ನನ್ನ ಕಾರಿಗೆ ಮಾತ್ರ. ಹಾಗಾಗಿ ನಾನೇ ಕ್ಯಾಪ್ಟನ್.

ಮೊದಲ ವರ್ಷ ಎಲ್ಲ ಮ್ಯಾಚೂ ಸೋತೆವು. ಈ ವರ್ಷ ಅಮೆರಿಕದವರು ಬಹಳ ಸಂಕೋಚದಿಂದ, "ಇನ್ನೊಂದು ಟೀಮ್ ಕಾಯ್ತಾ ಇದೆ. ನೀವು ಮೊದಲನೇ ಮ್ಯಾಚೂ ಸೋತರೆ ಜಾಗ ಅವರಿಗೆ ಬಿಟ್ಟುಕೊಡ್ತೀರಾ?" ಅಂತ ಕೇಳಿದರು. ಅವಮಾನವಾಯಿತು. "ಈ ಸಲ ನೋಡ್ತಾ ಇರಿ, ನಮ್ಮ ಟೀಮೇ ಬೇರೆ" ಅಂದುಬಿಟ್ಟೆ. ಅದು ನಿಜವೂ ಆಗಿತ್ತು. ಹಳಬರಲ್ಲಿ ಅರ್ಧ ಜನ ವರ್ಗವಾಗಿ ಊರು ಬಿಟ್ಟಿದ್ದರು.

ತುಂಬಲಾರದ ನಷ್ಟ

ಮೊದಲು ಹೋದವರು ನಮ್ಮ ಪಿಚರ್, ಅಂದರೆ ಬಾಲ್ ಎಸೆಯುವವರು. ಔಷಧ ಕಂಪನಿಯಲ್ಲಿ ಮ್ಯಾನೇಜರ್. ಕಂಪನಿ ಅವರನ್ನು ಲಾಗೋಸ್‌ಗೆ ಹಾಕಿತು. ನಮ್ಮ ಮನೆಯಲ್ಲೇ ಬೀಳ್ಕೊಡುಗೆ ಇಟ್ಟುಕೊಂಡೆವು. ಕಳೆದ ವರ್ಷ ನಮ್ಮನ್ನು ಸಿಕ್ಕಸಿಕ್ಕಾಗೆಲ್ಲ ಸೋಲಿಸಿದ ಟೀಮಿನ ಕ್ಯಾಪ್ಟನ್ನನ್ನೂ ಕರೆದಿದ್ದೆವು. ಇಲ್ಲಿನವರೇ, ಬ್ಯಾಂಕಿನಲ್ಲಿ ಅಧಿಕಾರಿ. ಎಲ್ಲರಿಗಿಂತ ದೊಡ್ಡ ಹೂಗುಚ್ಛ ತಂದವರು ಅವರು. ಎಲ್ಲರಿಗಿಂತ ಉದ್ದದ ಭಾಷಣ ಮಾಡಿದವರೂ ಅವರೇ.

ನನಗೆ ಹೃದಯ ತುಂಬಿ ಬಂತು. ಪಕ್ಕಕ್ಕೆ ಕರೆದು, "ಎದುರಾಳಿ ಆದರೂ ಎಷ್ಟು ಅಭಿಮಾನ ನಿಮಗೆ!" ಅಂದೆ.

ಅವರು ಕಣ್ಣೊರೆಸಿಕೊಂಡು ಹೇಳಿದರು: "ಅಭಿಮಾನ ಇರದೆ ಇರುತ್ತಾ? ಕಳೆದ ವರ್ಷ ನಾವು ಕಪ್ ಗೆದ್ದಿದ್ದೇ ಅವರಿಂದ!"

ದೇವಸ್ಥಾನದಲ್ಲಿ ಸೆಲೆಕ್ಷನ್

ಹೊಸ ಪಿಚರ್ ಹುಡುಕಬೇಕಿತ್ತು. ಯಾರ ತೋಳಿನಲ್ಲಿ ಎಷ್ಟು ಬಲವಿದೆ ಅಂತ ಹೇಗೆ ತಿಳಿಯುವುದು? ಸಂಕಷ್ಟಿಯ ಸಂಜೆ ಹೆಂಡತಿಯ ಜೊತೆ ಪಾರ್ಕ್‌ಲ್ಯಾಂಡ್ಸ್‌ನ ದೇವಸ್ಥಾನಕ್ಕೆ ಹೋಗಿದ್ದೆ. ಹಿತ್ತಿಲ ಕಲ್ಲಿನ ಹತ್ತಿರ ಒಬ್ಬರು ಈಡುಗಾಯಿ ಒಡೆದರು ನೋಡಿ, ಕಾಯಿ ಚೂರಾಗಲಿಲ್ಲ, ಮಾಯವಾಯಿತು! ಒಂದು ಚೂರು ಬಂದು ನನ್ನ ಕನ್ನಡಕಕ್ಕೇ ತಾಗಿತು.

ಓಡಿಹೋಗಿ ಪರಿಚಯ ಮಾಡಿಕೊಂಡೆ. ದಾವಣಗೆರೆಯವರು. ಪೇಂಟ್ ಕಾರ್ಖಾನೆಗೆ ಕೆಮಿಸ್ಟ್ ಆಗಿ ಬಂದು ಇನ್ನೂ ವಾರವಾಗಿತ್ತು.

"ಸ್ವಲ್ಪ ಬಲಗೈ ತೋರಿಸಿ" ಅಂದೆ.

ಅವರು ಭಕ್ತಿಯಿಂದ ಅಂಗೈ ಚಾಚಿದರು. ನಾನು ಹಿಡಿದು, ಮಣಿಕಟ್ಟು ತಿರುಗಿಸಿ, ಮೊಣಕೈವರೆಗೂ ಒತ್ತಿ ನೋಡಿದೆ. ಅವರು ಮೆಲ್ಲಗೆ ಕೇಳಿದರು: "ಶನಿಕಾಟ ಯಾವಾಗ ಮುಗೀತದ್ರೀ ಸರ?"

"ಭಾನುವಾರ ಬೆಳಿಗ್ಗೆ ಮೈದಾನಕ್ಕೆ ಬನ್ನಿ, ಹೇಳ್ತೀನಿ" ಅಂದೆ.

ಹಿಂದಿನಿಂದ ನನ್ನ ಹೆಂಡತಿ, "ಮುಗಿಯೋದೆಲ್ಲಿ ಬಂತು, ಪಾಪ. ಈಗ ತಾನೇ ಶುರುವಾಯ್ತು" ಅಂದಳು.

ಬಿಡುವ ಕಲೆ

ಪಕ್ಕದ ಹೈರಿಡ್ಜ್‌ನಲ್ಲಿರುವ ಮೈಸೂರಿನ ಇಂಜಿನಿಯರೊಬ್ಬರು ಈ ವರ್ಷ ಸೇರಿದರು. ಕಾಲೇಜಿನಲ್ಲಿ ಕ್ರಿಕೆಟ್ಟಿನ ಓಪನಿಂಗ್ ಬ್ಯಾಟ್ಸ್‌ಮನ್. "ಹೊಡೆಯೋದು ಯಾರಾದ್ರೂ ಹೊಡೀತಾರೆ ರೀ. ಬಾಲ್ ಬಿಡೋದಿದೆಯಲ್ಲ, ಅದು ಕಲೆ" ಅನ್ನುವುದು ಅವರ ಸಿದ್ಧಾಂತ.

ಬೇಸ್‌ಬಾಲಿನಲ್ಲಿ ಹೊಡೆಯುವಂಥ ಬಾಲನ್ನು ಸುಮ್ಮನೆ ಬಿಟ್ಟರೆ ಅದು ಸ್ಟ್ರೈಕ್, ಬೀಸಿ ತಪ್ಪಿದರೂ ಸ್ಟ್ರೈಕ್. ಹಾಗೆ ಮೂರಾದರೆ ಔಟು. ಇದನ್ನು ಅವರಿಗೆ ಹೇಳಿದ್ದೆವು, ಅವರು ತಲೆಯಾಡಿಸಿಯೂ ಇದ್ದರು. ಅಭ್ಯಾಸದ ಪಂದ್ಯದಲ್ಲಿ ಮೊದಲ ಬಾಲನ್ನು ಮೊಣಕಾಲು ಬಗ್ಗಿಸಿ ಬಿಟ್ಟರು. ಎರಡನೆಯದನ್ನು ಬ್ಯಾಟು ಎತ್ತಿ ಹಿಡಿದು ಬಿಟ್ಟರು. ಮೂರನೆಯದನ್ನು ಬಿಟ್ಟ ಠೀವಿಗೆ ನಾವೇ ಚಪ್ಪಾಳೆ ತಟ್ಟಿದೆವು. ಅಂಪೈರು ಕೈ ತೋರಿಸಿದ ಮೇಲೆ ಗೆಲುವಿನ ಮುಖದಲ್ಲಿ ನನ್ನ ಹತ್ತಿರ ಬಂದರು.

"ನೋಡಿದ್ರಾ? ಒಂದಾದ್ರೂ ಬ್ಯಾಟಿನ ಅಂಚಿಗೆ ತಾಗ್ತಾ?"

"ನೀವು ಔಟ್ ಸಾರ್."

"ಔಟಾ? ನಾನು ಬಾಲ್ ಮುಟ್ಟೇ ಇಲ್ವಲ್ರೀ!"

"ಅದಕ್ಕೇ ಔಟು."

ಅವರು ಹೆಲ್ಮೆಟ್ ತೆಗೆದು ಕಂಕುಳಲ್ಲಿ ಇಟ್ಟುಕೊಂಡರು. "ಏನೂ ತಪ್ಪು ಮಾಡದೆ ನಿಂತವನಿಗೇ ಶಿಕ್ಷೆ! ಇದನ್ನ ಆಡೋಕೆ ಮೈದಾನ ಯಾಕ್ರೀ, ನಮ್ಮ ಆಫೀಸೇ ಸಾಕಿತ್ತು" ಅಂದರು.

ಟೀಚರ್ ಬಂದರು

ಮಂಗಳೂರಿನ ಕ್ರಿಶ್ಚಿಯನ್ ಮನೆತನದ ಟೀಚರೊಬ್ಬರು ಗಂಡನ ಜೊತೆ ನಮ್ಮ ಆಟ ನೋಡಲು ಬಂದಿದ್ದರು. ನೋಡಲಾಗದೆ ಅವರೇ ಒಳಗೆ ಬಂದರು. ಕಾಲೇಜಿನಲ್ಲಿ ಥ್ರೋಬಾಲ್ ಆಡಿದ ಕೈ. ಮೊದಲ ದಿನವೇ ಆಕಾಶಕ್ಕೆ ಹೋದ ಬಾಲನ್ನು ಓಡಿಹೋಗಿ ಹಿಡಿದರು. ನಮ್ಮ ಟೀಮಿನಲ್ಲಿ ಅಂಥ ಕ್ಯಾಚನ್ನು ಯಾರೂ ಕಂಡಿರಲಿಲ್ಲ. ಎಲ್ಲರೂ ಕುಣಿದೆವು.

ಕುಣಿದು ಮುಗಿಯುವ ಮೊದಲೇ ಟೀಚರ್ ಆ ಬಾಲನ್ನು ಬೇಲಿಯಾಚೆಗೆ ಎಸೆದಾಗಿತ್ತು! ಅದು ರಸ್ತೆಯಲ್ಲಿ ಜನ ತುಂಬಿಕೊಂಡು ಹೋಗುತ್ತಿದ್ದ ಮಟಾಟು ವ್ಯಾನಿನ ಕಿಟಕಿಯೊಳಗೆ ಹೊಕ್ಕಿತು. ಕಂಡಕ್ಟರ್ ಬಾಗಿಲಲ್ಲಿ ಜೋತುಕೊಂಡು "ಅಸಾಂಟೆ!" ಅಂತ ಕೂಗಿ ಥ್ಯಾಂಕ್ಸ್ ಹೇಳಿದ. ವ್ಯಾನು ನಿಲ್ಲಲಿಲ್ಲ.

"ಯಾಕೆ ಟೀಚರ್ ಎಸೆದ್ರಿ?" ಅಂದೆ.

"ಎಂತ ಮಾರಾಯ್ರೆ, ಥ್ರೋಬಾಲಲ್ಲಿ ಹಿಡಿದ ಬಾಲನ್ನು ಕೈಯಲ್ಲಿ ಇಟ್ಟುಕೊಂಡು ಕೂತರೆ ಪಾಯಿಂಟ್ ಹೋಗ್ತದೆ ಅಲ್ವಾ?"

ಹಿಡಿದ ಕೂಡಲೇ ವಾಪಸು ಎಸೆಯುವುದೇ ಕೆಲಸವಾಗಿರುವ ಜಾಗ ಬೇಸ್‌ಬಾಲಿನಲ್ಲಿ ಒಂದಿದೆ, ಬ್ಯಾಟ್ಸ್‌ಮನ್ ಹಿಂದೆ ಕೂರುವ ಕ್ಯಾಚರ್. ಅಲ್ಲಿಗೆ ಹಾಕಿದೆವು. ಆದರೂ ಒಂದು ಮಾತು ಹೇಳಲೇಬೇಕು. ನಮ್ಮ ಟೀಮಿನ ಯಾರು ಹೊಡೆದ ಬಾಲೂ ಇವತ್ತಿನವರೆಗೆ ಆ ಬಾಲಿನಷ್ಟು ದೂರ ಹೋಗಿಲ್ಲ.

ನೀವು ತಗೊಳ್ಳಿ

ಇನ್ನೊಂದು ರೋಗ ನಮ್ಮ ಮರ್ಯಾದೆ. ಬಾಲು ಇಬ್ಬರ ನಡುವೆ ಮೇಲಿಂದ ಇಳಿಯುತ್ತಿರುತ್ತದೆ. ಕೆಮಿಸ್ಟ್, "ಸರ, ನೀವು ಹಿಡೀರಿ" ಅನ್ನುತ್ತಾರೆ. ಇಂಜಿನಿಯರು, "ಛೆ ಛೆ, ನೀವು ಹೊಸಬರು, ನೀವೇ ತಗೊಳ್ಳಿ" ಅನ್ನುತ್ತಾರೆ. "ಹಿರೇರು ಇರೂವಾಗ ನಾವು ಹೆಂಗ್ರೀ" ಅನ್ನುವಷ್ಟರಲ್ಲಿ ಬಾಲು ಇಬ್ಬರ ನಡುವೆ ಬಿದ್ದು ನಿದ್ದೆ ಹೋಗಿರುತ್ತದೆ.

ಕನ್ನಡದಲ್ಲಿ ಆದರೆ ತಾನೇ ಈ ಸಂಕೋಚ ಅಂತ, "ಹಿಡಿಯುವವರು ಸ್ವಾಹಿಲಿಯಲ್ಲಿ 'ಯಾಂಗು', ನಂದು, ಅಂತ ಕೂಗಬೇಕು" ಅಂತ ಕಾನೂನು ಮಾಡಿದೆ. ಮುಂದಿನ ಬಾಲು ಮೇಲೆ ಹೋಯಿತು. ನಾಲ್ಕು ದಿಕ್ಕಿನಿಂದ "ಯಾಂಗು! ಯಾಂಗು!" ಅಂತ ಎಲ್ಲರೂ ನುಗ್ಗಿ ಬಂದರು. ಅಡಿಯಲ್ಲಿ ಸಿಕ್ಕಿಕೊಂಡವನು ನಾನು.

ಆಟ ನೋಡಲು ಬಂದಿದ್ದ ನನ್ನ ಮಗಳು ಇಲ್ಲೇ ಬೆಳೆದವಳು. ಕನ್ನಡ ಎಲ್ಲ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷ್. ರಾಶಿಯ ಅಡಿಯಿಂದ ನನ್ನನ್ನು ಎಳೆದು ಕೂರಿಸಿ ಹೇಳಿದಳು: "ಡ್ಯಾಡ್, ಪ್ಲೀಸ್ ಗೋ ಬ್ಯಾಕ್ ಟು ಬೀಯಿಂಗ್ ಪೊಲೈಟ್."

ಆ ಮೊದಲ ಮ್ಯಾಚು

ಕೊನೆಗೆ ಮ್ಯಾಚಿನ ದಿನ ಬಂತು. ಎದುರಿಗೆ ಅದೇ ಬ್ಯಾಂಕಿನವರ ಟೀಮು. ಸೋತರೆ ಲೀಗಿನಿಂದ ಹೊರಗೆ. ಕಾಯುತ್ತಿದ್ದ ಟೀಮಿನವರು ಹೊಸ ಜೆರ್ಸಿ ಹಾಕಿಕೊಂಡೇ ಬಂದು ಬೇಲಿಯ ಹತ್ತಿರ ನಿಂತಿದ್ದರು.

ಬೇಸ್‌ಬಾಲಿನಲ್ಲಿ ಎಲ್ಲಿ ಎಸೆಯಬೇಕು ಅಂತ ಕ್ಯಾಚರ್ ಪಿಚರ್‌ಗೆ ಬೆರಳಿನ ಸನ್ನೆಯಲ್ಲಿ ಗುಟ್ಟಾಗಿ ಹೇಳುವುದು ವಾಡಿಕೆ. ನಮಗೆ ಆ ತಾಪತ್ರಯವೇ ಇಲ್ಲ, ಕನ್ನಡದಲ್ಲಿ ಕೂಗಿದರಾಯಿತು. ಟೀಚರ್ "ಕೆಳಗೆ ಹಾಕಿ!" ಅನ್ನುವರು, ನಾನು ದೂರದಿಂದ "ಒಳಗೆ, ಒಳಗೆ!" ಅನ್ನುವೆ. ಎದುರಾಳಿಗಳು ಕಣ್ಣು ಕಣ್ಣು ಬಿಟ್ಟು ಒಬ್ಬೊಬ್ಬರಾಗಿ ಔಟಾಗತೊಡಗಿದರು. ಅವರಲ್ಲಿ ಒಬ್ಬರು ಮಾತ್ರ, ಹೊಸದಾಗಿ ಸೇರಿದ ಇಲ್ಲಿನವರೇ ಆದ ಭಾರೀ ಆಳು, ನಾವು ಕೆಳಗೆ ಎಸೆದರೆ ಕೆಳಗೆ, ಒಳಗೆ ಎಸೆದರೆ ಒಳಗೆ ಬ್ಯಾಟಿಟ್ಟುಕೊಂಡೇ ಕಾದಿದ್ದು ಬಾರಿಸುತ್ತಿದ್ದರು. ಎರಡು ಸಲ ಬಂದರು, ಎರಡು ಸಲವೂ ಬಾಲು ಬೇಲಿ ದಾಟಿತು.

ಇತ್ತ ಇಂಜಿನಿಯರು ಅಂದು ಒಂದನ್ನೂ ಬಿಡಲಿಲ್ಲ. ಅವರು ಹೊಡೆದದ್ದರಿಂದ ನಾವು ಒಂದೇ ಒಂದು ರನ್ ಮುಂದಿದ್ದೆವು. ಕೊನೆಯ ಸುತ್ತು. ಎದುರಾಳಿಗಳಲ್ಲಿ ಇಬ್ಬರು ಬೇಸಿನ ಮೇಲೆ, ಅಂದರೆ ಓಡುವವರು ನಿಲ್ಲುವ ಗುರುತಿನ ಮೇಲೆ, ತಯಾರಾಗಿ ನಿಂತಿದ್ದಾರೆ. ಇನ್ನೊಬ್ಬರನ್ನು ಔಟ್ ಮಾಡಿದರೆ ಗೆಲುವು. ಆಗ ಬ್ಯಾಟ್ ತಿರುಗಿಸುತ್ತಾ ಬಂದರು ಅದೇ ಭಾರೀ ಆಳು.

ನಾನು ಕೆಮಿಸ್ಟ್‌ಗೆ ಕೂಗಿ ಹೇಳಿದೆ: "ಹೆದರಬೇಡಿ! ದಪ್ಪ ಆಸಾಮಿ, ಸುಸ್ತಾಗಿದಾರೆ. ಮೆಲ್ಲಗೆ ಹಾಕಿ!"

ಆ ಮನುಷ್ಯ ಬ್ಯಾಟು ಕೆಳಗಿಳಿಸಿ ನನ್ನ ಕಡೆ ತಿರುಗಿದರು. "ಸುಸ್ತೇನಿಲ್ಲ ಸಾರ್, ಹಾಕಿಸಿ" ಅಂದರು.

ಅಚ್ಚ ಮೈಸೂರು ಕನ್ನಡ! ಇಂಜಿನಿಯರು ತಮ್ಮ ಜಾಗ ಬಿಟ್ಟು ಓಡಿಬಂದರು: "ನೀವು... ಕನ್ನಡ..?"

"ಮೈಸೂರಲ್ಲಿ ಬಿ.ಫಾರ್ಮ ಓದಿದೆ ಸಾರ್, ಸರಸ್ವತಿಪುರಂನಲ್ಲಿ ರೂಮು" ಅಂದರು ಅವರು. ಆಮೇಲೆ ನನಗೆ ಹೇಳಿದರು: "ಹೋಗುವಾಗ ಸಣ್ಣಗೇ ಇದ್ದೆ ಸಾರ್. ನಿಮ್ಮ ಮಸಾಲೆದೋಸೆ ಹೀಗೆ ಮಾಡಿತು."

ಭೂಮಿ ಬಾಯಿಬಿಡಬಾರದೆ ಅನ್ನಿಸಿತು. ಬೆಳಗಿನಿಂದ ನಮ್ಮ ಗುಟ್ಟನ್ನೆಲ್ಲ ನಾವೇ ಅವರ ಕಿವಿಗೆ ಕೂಗಿದ್ದೆವು! ಇನ್ನು ಏನು ಕೂಗುವುದು? ಆಗ ಟೀಚರ್ ಎದ್ದು ನಿಂತು, ಮುಖದ ಜಾಲರಿ ಮೇಲಕ್ಕೆತ್ತಿ, ಕೆಮಿಸ್ಟ್‌ಗೆ ತಮ್ಮ ಮನೆಮಾತು ಕೊಂಕಣಿಯಲ್ಲಿ ಒಂದೇ ಉಸಿರಿಗೆ ಏನೋ ಆಜ್ಞೆ ಮಾಡಿದರು. ಕೆಮಿಸ್ಟ್ ಗಂಭೀರವಾಗಿ ತಲೆಯಾಡಿಸಿದರು. ಮೈಸೂರಿನಲ್ಲಿ ಕಲಿತವರಿಗೆ ಕೊಂಕಣಿ ಎಲ್ಲಿ ಬರಬೇಕು? ಮೊದಲ ಸಲ ಆ ಭಾರೀ ಆಳಿನ ಹಣೆಯಲ್ಲಿ ಬೆವರು ಕಂಡಿತು.

ಮೊದಲ ಬಾಲು ನೇರ ನಡುವಿಗೆ ಬಂತು. ಇದರಲ್ಲೇನೋ ಮೋಸವಿದೆ ಅಂತ ಅವರು ಬಿಟ್ಟರು. ಸ್ಟ್ರೈಕ್. ಎರಡನೆಯದೂ ನೇರ ನಡುವಿಗೆ. ಮತ್ತೆ ಬಿಟ್ಟರು. ಮೂರನೆಯದೂ ಅಲ್ಲಿಗೇ ಬಂದಾಗ ಗಾಬರಿಯಿಂದ ಬೀಸಿದರು. ಬ್ಯಾಟು ಗಾಳಿಗೆ, ಬಾಲು ಟೀಚರ್ ಕೈಗೆ. ಗೆದ್ದೇಬಿಟ್ಟೆವು!

ಕುಣಿದು, ಕೂಗಿ, ಕೆಮಿಸ್ಟನ್ನು ಹೆಗಲಿಗೇರಿಸಿಕೊಂಡು ಸುತ್ತಿದೆವು. ಭಾರೀ ಆಳು ಬಂದು ಕೈಕುಲುಕಿ, "ಏನು ತಲೆ ಸಾರ್ ನಿಮ್ಮದು! ನೇರ ಹಾಕ್ತೀರಿ ಅಂತ ನಾನು ಎಣಿಸಲೇ ಇಲ್ಲ" ಅಂದರು.

ಅವರು ಹೋದ ಮೇಲೆ ನಾನು ಕೆಮಿಸ್ಟನ್ನು ಕೇಳಿದೆ: "ಅಲ್ರೀ, ದಾವಣಗೆರೆಯವರಿಗೆ ಕೊಂಕಣಿ ಹೇಗೆ ಅರ್ಥವಾಯ್ತು?"

"ಎಲ್ಲಿ ಅರ್ಥ ಆತ್ರೀ ಸರ? ಟೀಚರ್ ಅಷ್ಟು ಜೋರು ಮಾಡಿ ಹೇಳೂವಾಗ ತಿಳೀಲಿಲ್ಲ ಅನ್ನೋಕೆ ಹೆದರಿಕೆ ಆತು, ತಲೆ ಆಡಿಸ್ದೆ" ಅಂದರು.

ನಾನು ಟೀಚರ್ ಕಡೆ ತಿರುಗಿದೆ. "ನೀವು ಹೇಳಿದ್ದಾದರೂ ಏನು?"

ಟೀಚರ್ ಗ್ಲೌಸ್ ಬಿಚ್ಚುತ್ತಾ ಹೇಳಿದರು: "ಏನು ಬೇಕಾದ್ರೂ ಮಾಡಿ, ನೇರ ಮಾತ್ರ ಹಾಕ್ಬೇಡಿ ಅಂತ."