ಡಿಸಗ್ರೀ ಮತ್ತು ಸೊಪ್ಪಿನ ಸಾಂಬಾರು

ಒಂದು ಕ್ರಿಯಾಪದವನ್ನು ನಾನು ಇಪ್ಪತ್ತೆರಡು ವರ್ಷಗಳಿಂದ ಮಕ್ಕಳಿಗೆ ಕಲಿಸುತ್ತ ಬಂದಿದ್ದೇನೆ. ಇತ್ತೀಚಿನವರೆಗೆ ಒಂದು ಸಲವೂ ಅದನ್ನು ಸ್ವತಃ ಬಳಸಿರಲಿಲ್ಲ. ಈಜು ಬಾರದವನು ನಾಲೆಯ ಏರಿಯ ಮೇಲೆ ನಿಂತು, ನೀರಿನಲ್ಲಿರುವವರಿಗೆ ಕೈಕಾಲು ಬಡಿಯುವುದು ಹೇಗೆಂದು ಕೂಗಿ ಹೇಳುತ್ತಾನಲ್ಲ, ನನ್ನದೂ ಅದೇ ಕಥೆ. ಆ ಕ್ರಿಯಾಪದ ‘ಡಿಸಗ್ರೀ’. ಅರ್ಥ: ಒಪ್ಪದಿರುವುದು, ಭಿನ್ನಾಭಿಪ್ರಾಯ ಹೊಂದುವುದು. ಬಳಕೆ: ಎದುರಿಗಿರುವವರು ಏನಾದರೂ ಹೇಳಿದಾಗ ಅದು ಸರಿಯಲ್ಲವೆಂದು ತೋರಿದರೆ ಹೇಳತಕ್ಕದ್ದು. ಬೋರ್ಡಿನ ಮೇಲೆ ಬರೆಯುವಾಗ ಇದು ಎಷ್ಟು ಸುಲಭವಾಗಿ ಕಾಣುತ್ತದೆಂದರೆ, ಸೀಮೆಸುಣ್ಣ ಕೆಳಗಿಡುವ ಹೊತ್ತಿಗೆ ನಾನೇ ಧೈರ್ಯವಂತನೆಂಬ ಭ್ರಮೆ ಬಂದಿರುತ್ತದೆ.

ಪಾಂಡವಪುರದಿಂದ ಬಸ್ಸು ಹತ್ತಿ, ಚಿನಕುರಳಿ ದಾಟಿ, ಇಳಿದ ಮೇಲೆ ಏಳೆಂಟು ನಿಮಿಷ ನಡೆದರೆ ನಮ್ಮ ಶಾಲೆ. ಕಳೆದ ವರ್ಷ ಅಲ್ಲಿನ ಎಂಟನೇ ತರಗತಿಯಲ್ಲಿ ಈ ಪದವನ್ನು ಅಭ್ಯಾಸ ಮಾಡಿಸಲು ಹೊರಟೆ. “ನಾನೊಂದು ತಪ್ಪು ಮಾತು ಹೇಳುತ್ತೇನೆ, ನೀವೆಲ್ಲ ಡಿಸಗ್ರೀ ಅನ್ನಬೇಕು” ಎಂದು ಮೊದಲೇ ತಿಳಿಸಿ, ಸೂರ್ಯ ಪಶ್ಚಿಮದಲ್ಲಿ ಹುಟ್ಟುತ್ತಾನೆ ಎಂದೆ. ನಲವತ್ತು ಮಕ್ಕಳೂ ಒಂದೇ ದನಿಯಲ್ಲಿ “ಯೆಸ್ ಸಾ” ಎಂದರು. ನನಗೆ ಸಿಟ್ಟು ಬರಲಿಲ್ಲ. ನಮ್ಮ ಕಡೆ ಯಾರೂ ಯಾರ ಮುಖದೆದುರೂ ಆಗುವುದಿಲ್ಲ ಎನ್ನುವುದಿಲ್ಲ. ಊಟಕ್ಕೆ ಕರೆದರೆ “ಆಯ್ತು, ಬತ್ತೀನಿ” ಎನ್ನುತ್ತಾರೆ, ಬರುವುದಿಲ್ಲ. ಬೇಡವೆಂದು ತೀರ್ಮಾನಿಸಿದ್ದಕ್ಕೆ “ನೋಡನ ಬುಡಿ” ಎನ್ನುತ್ತಾರೆ. ಕೇಳಿದವನಿಗೂ ಅರ್ಥವಾಗಿರುತ್ತದೆ, ಹೇಳಿದವನ ಮರ್ಯಾದೆಯೂ ಉಳಿದಿರುತ್ತದೆ. ಇಂಥ ಏರ್ಪಾಡಿನ ನಡುವೆ ಡಿಸಗ್ರೀ ಎಂಬುದಕ್ಕೆ ಕೂರಲು ಜಾಗವೇ ಇರಲಿಲ್ಲ. ಕಳೆದ ತಿಂಗಳವರೆಗೆ.

ಶಾಲೆಯಲ್ಲಿ ಪಾಠದ ಜೊತೆಗೆ ನನಗೆ ವಹಿಸಿರುವ ಇನ್ನೊಂದು ಕೆಲಸವನ್ನು ಇಲ್ಲಿ ಹೇಳಬೇಕು. ಮಕ್ಕಳಿಗೆ ಬಿಸಿಯೂಟ ಬಡಿಸುವ ಮುಂಚೆ ಒಬ್ಬ ಶಿಕ್ಷಕರು ಅದನ್ನು ತಿಂದು ನೋಡಿ, ಅದಕ್ಕೆಂದೇ ಇಟ್ಟಿರುವ ಪುಸ್ತಕದಲ್ಲಿ ಅಭಿಪ್ರಾಯ ಬರೆದು ಸಹಿ ಮಾಡಬೇಕು. ನಮ್ಮಲ್ಲಿ ಅದಕ್ಕೆ ರುಚಿ ಪುಸ್ತಕವೆಂದು ಹೆಸರು. ಒಂಬತ್ತು ವರ್ಷಗಳಿಂದ ಅಡುಗೆ ಮಾಡುತ್ತಿರುವವರು ಜಯಮ್ಮ. ಅಷ್ಟೇ ವರ್ಷಗಳಿಂದ ರುಚಿ ನೋಡುತ್ತಿರುವವನು ನಾನು. ದಿನವೂ ಒಂದು ಸೌಟು ಕೈಗೆ ಹಾಕಿಸಿಕೊಂಡು ನೆಕ್ಕುತ್ತೇನೆ, ಅದರಲ್ಲಿ ಮೋಸವಿಲ್ಲ. ಮೋಸವಿರುವುದು ಪುಸ್ತಕದಲ್ಲಿ. ಮೊದಲ ವಾರ “ರುಚಿಯಾಗಿದೆ” ಎಂದು ಬರೆದೆ. ಎರಡನೆಯ ವಾರವೂ ಅದನ್ನೇ ಬರೆದೆ. ಆಮೇಲೆ, ಹೇಗೂ ಬರೆಯುವುದು ಅದನ್ನೇ ತಾನೆ ಎಂದುಕೊಂಡು, ಸೋಮವಾರದ ದಿನವೇ ಶನಿವಾರದವರೆಗೆ ಬರೆದು, ಒಂದೇ ಥರ ಕಾಣದಿರಲೆಂದು ಒಂದೊಂದು ದಿನಕ್ಕೆ “ಬೇಳೆ ಚೆನ್ನಾಗಿ ಬೆಂದಿದೆ” ಎಂದೂ ಸೇರಿಸಿ, ಸಹಿ ಹಾಕಿ ಮುಗಿಸುವುದು ರೂಢಿಯಾಯಿತು. ಒಂದು ಸಲ ಬೇಳೆ ತಳ ಹಿಡಿದು ಶಾಲೆಯೆಲ್ಲ ಸೀದ ವಾಸನೆ ಬಂದಿತ್ತು. ಪುಸ್ತಕದಲ್ಲಿ ಅಂದೂ ರುಚಿಯಾಗಿದೆ. ಇನ್ನೊಂದು ಸಲ ಉಪ್ಪು ಹಾಕುವುದನ್ನೇ ಮರೆತು, ಆಮೇಲೆ ಜಯಮ್ಮನೇ ಓಡಿ ಬಂದು “ಸಾ, ನೆಕ್ಕಿ ನೋಡುದ್ರಲ್ಲ, ಒಂದ್ ಮಾತು ಯೋಳ್ಬಾರ್ದಾ?” ಎಂದು ನನ್ನನ್ನೇ ಬೈದಿದ್ದರು. ಅಂದೂ ರುಚಿಯಾಗಿದೆ.

ಈಗ ಕಳೆದ ತಿಂಗಳ ಆ ಬುಧವಾರಕ್ಕೆ ಬರುತ್ತೇನೆ. ಆ ದಿನ ನಡೆದದ್ದನ್ನು ಕಂಡಷ್ಟೇ ಹೇಳುತ್ತೇನೆ, ಹೆಚ್ಚು ಸೇರಿಸುವುದಿಲ್ಲ. ಹನ್ನೆರಡೂವರೆ ದಾಟಿತ್ತು. ನಾನು ಅಡುಗೆಮನೆಯ ಬಾಗಿಲಿನಿಂದ ನಾಲ್ಕು ಹೆಜ್ಜೆ ಈಚೆ, ನಲ್ಲಿಯ ಬಳಿ ಕೈ ತೊಳೆಯುತ್ತಿದ್ದೆ. ಶಾಲಾ ಸಮಿತಿಯ ಅಧ್ಯಕ್ಷರಾದ ಚನ್ನೇಗೌಡರು ಇಬ್ಬರು ನೆಂಟರನ್ನು ಕರೆದುಕೊಂಡು ಬಂದು, “ಜಯಮ್ಮ, ಇವ್ರು ದೂರದಿಂದ ಬಂದವ್ರೆ, ಮೂರ್ ತಟ್ಟೆ ಇಕ್ಕು” ಎಂದರು. ಜಯಮ್ಮ ಪಾತ್ರೆಯ ಮೇಲಿನ ತಟ್ಟೆಯನ್ನು ಸರಿಸಲೂ ಇಲ್ಲ. “ಮಕ್ಳು ಉಂಡ್ಮೇಲೆ ಬನ್ನಿ ಗೌಡ್ರೇ. ಮಿಕ್ಕುದ್ರೆ ಇಕ್ತೀನಿ” ಎಂದರು. ಗೌಡರು ನಗಲು ನೋಡಿದರು. ನೆಂಟರು ನಗಲಿಲ್ಲವಾದ್ದರಿಂದ ಅವರಿಗೂ ಆಗಲಿಲ್ಲ. ಮೂವರೂ ಹೋದರು. ನಾನು ನಲ್ಲಿ ನಿಲ್ಲಿಸಿದೆ. ಅಷ್ಟು ಹೊತ್ತು ತೊಳೆಯಲು ನನ್ನ ಕೈಗೆ ಏನೂ ಅಂಟಿರಲಿಲ್ಲ.

ಮರುದಿನ ಹೆಡ್ ಮಾಸ್ತರರ ಕೋಣೆಯಲ್ಲಿ ಗೌಡರ ದೂರಿನ ಸುದ್ದಿ ಸಿಕ್ಕಿತು. ಬುಧವಾರದ ಸಾಂಬಾರು ಅರೆಬೆಂದಿತ್ತು, ಬಾಯಿಗಿಡಲು ಆಗುತ್ತಿರಲಿಲ್ಲ, ಆದ್ದರಿಂದ ಜಯಮ್ಮನನ್ನು ಬಿಡಿಸಿ ಬೇರೆಯವರನ್ನು ನೇಮಿಸಿಕೊಳ್ಳಬೇಕು, ಶನಿವಾರ ಸಭೆ. ಬೇರೆಯವರು ಯಾರೆಂದರೆ ಗೌಡರ ತಮ್ಮನ ಹೆಂಡತಿ. ಜಯಮ್ಮನ ಗಂಡ ಮರಗೆಲಸದವರು. ಗರಗಸಕ್ಕೆ ಸಿಕ್ಕಿ ಬಲಗೈಯ ಎರಡು ಬೆರಳು ಹೋದ ಮೇಲೆ ಅವರನ್ನು ಕೆಲಸಕ್ಕೆ ಕರೆಯುವವರು ಕಡಿಮೆ. ಈ ಅಡುಗೆಯ ಕೆಲಸವೇ ಮನೆ ನಡೆಸುತ್ತಿದ್ದುದು. ಹಾಗಿದ್ದೂ ಜಯಮ್ಮ ಗಾಬರಿಯಾಗಿರಲಿಲ್ಲ. ನಾನು ಅಡುಗೆಮನೆಯ ಕಡೆ ಹೋದಾಗ, “ನಂಗ್ಯಾಕ್ ಭಯ ಸಾ? ನಿಮ್ ಪುಸ್ತಕ ಐತಲ್ಲ, ಒಂಬತ್ ವರ್ಸದ್ದು” ಎಂದರು.

ಅಲ್ಲಿಂದ ಶನಿವಾರದವರೆಗೆ ನಾನು ನಿಂತಲ್ಲಿ ನಿಲ್ಲಲಿಲ್ಲ, ಕೂತಲ್ಲಿ ಕೂರಲಿಲ್ಲ. ಗುರುವಾರ ಸಂಜೆ ಪಾಂಡವಪುರದಲ್ಲಿ ಇಳಿಯಬೇಕಾದ ಸ್ಟಾಪಿಗಿಂತ ಮುಂಚೆಯೇ ಇಳಿದುಬಿಟ್ಟೆ. ಶುಕ್ರವಾರ ಪಾಠದ ನಡುವೆ ಮೂರು ಸಲ ಸ್ಟಾಫ್ ರೂಮಿಗೆ ಹೋಗಿ, ರುಚಿ ಪುಸ್ತಕವನ್ನು ಮುಟ್ಟಿ ನೋಡಿ, ತೆರೆಯದೆ ವಾಪಸು ಬಂದೆ. ಶನಿವಾರ ಬೆಳಿಗ್ಗೆ ಮನೆಯಲ್ಲಿ ಊಟಕ್ಕೆ ಕೂತವನು ಎದ್ದು ಹೋಗಿ ಬಾಗಿಲ ಚಿಲಕ ಹಾಕಿದೆಯೇ ಎಂದು ನೋಡಿಕೊಂಡು ಬಂದೆ. ಅದು ಹಾಡಹಗಲು, ಬಾಗಿಲು ತೆರೆದೇ ಇರಬೇಕಾದ ಹೊತ್ತು. “ಏನಾಗಿದೆ ರೀ ನಿಮಗೆ?” ಎಂದು ಹೆಂಡತಿ ಸುಮಿತ್ರಾ ಕೇಳಿದಳು. “ಏನಿಲ್ಲ, ಪಲ್ಯ ಚೆನ್ನಾಗಿದೆ” ಎಂದೆ. ಎಲೆಯ ಮೇಲೆ ಇನ್ನೂ ಪಲ್ಯ ಬಿದ್ದಿರಲಿಲ್ಲ.

ಶನಿವಾರ ಮಧ್ಯಾಹ್ನ ಸಭೆ ಸೇರಿತು. ನಮ್ಮ ಸಭೆಗಳದ್ದೊಂದು ಕ್ರಮವಿದೆ. ಮೊದಲು ಎಲ್ಲರೂ ಪುಟದ ಕೆಳಗೆ ಸಹಿ ಮಾಡುತ್ತಾರೆ, ಆಮೇಲೆ ಟೀ ಬರುತ್ತದೆ, ಆಮೇಲೆ ಮೇಲಿನ ಖಾಲಿ ಜಾಗದಲ್ಲಿ ಹೆಡ್ ಮಾಸ್ತರರು ನಿರ್ಣಯ ಬರೆಯುತ್ತಾರೆ. ಅವರು ಗಣಿತದವರು, ಸಮಯ ಉಳಿಸುವವರು. ವಿಷಯ ಶುರುವಾಗುವ ಮುಂಚೆಯೇ ಮೊದಲ ಸಾಲಿನಲ್ಲಿ “ಸರ್ವಾನುಮತದಿಂದ” ಎಂದು ಬರೆದುಕೊಂಡಿದ್ದರು. ಶಿಕ್ಷಕರ ಪರವಾಗಿ ನನ್ನ ಸಹಿಯೂ ಕೆಳಗೆ ಬಿದ್ದಿತ್ತು. ಜಯಮ್ಮ ಬಾಗಿಲಿಗೆ ಒರಗಿ ನಿಂತಿದ್ದರು.

ಗೌಡರು ತಮ್ಮ ದೂರು ಹೇಳಿ ಮುಗಿಸಿದ ಕೂಡಲೇ ಜಯಮ್ಮ, “ಪುಸ್ತಕ ನೋಡಿ” ಎಂದರು. ತಂದೆವು. ಬುಧವಾರದ ಮುಂದೆ “ರುಚಿಯಾಗಿದೆ” ಎಂದು ನನ್ನ ಸಹಿಯ ಸಮೇತ ಇತ್ತು. ಜಯಮ್ಮ ಹೆಮ್ಮೆಯಿಂದ ನನ್ನ ಕಡೆ ನೋಡಿದರು. ಗೌಡರು ಒಂದು ಹಾಳೆ ಹಿಂದಕ್ಕೆ ತಿರುಗಿಸಿ ಕನ್ನಡಕ ಸರಿಮಾಡಿಕೊಂಡರು.

“ಮೇಷ್ಟ್ರೇ, ಹೋದ್ ವಾರ ಶುಕ್ರವಾರ ಸ್ಕೂಲಿತ್ತಾ?”

ಇರಲಿಲ್ಲ. ಶಾಲೆಗೆ ಜಾಗ ಕೊಟ್ಟಿದ್ದ ಹಿರಿಯರೊಬ್ಬರು ತೀರಿಕೊಂಡು, ಬೆಳಿಗ್ಗೆ ಪ್ರಾರ್ಥನೆ ಮುಗಿದ ಕೂಡಲೇ ರಜೆ ಕೊಟ್ಟಿದ್ದೆವು. ಒಲೆ ಹಚ್ಚಿರಲಿಲ್ಲ.

“ಅವತ್ತೂ ರುಚಿಯಾಗೈತಂತೆ” ಎಂದು ಗೌಡರು ಪುಸ್ತಕವನ್ನು ಎಲ್ಲರ ಕಡೆ ತಿರುಗಿಸಿ ತೋರಿಸಿದರು. “ಬ್ಯಾಳೆ ಚೆನ್ನಾಗ್ ಬೆಂದೈತೆ ಅಂತ್ಲೂ ಬರ್ದವ್ರೆ. ಹಚ್ದೇ ಇರೋ ಒಲೆ ಮ್ಯಾಲೆ ಬ್ಯಾಳೆ ಬೇಯ್ಸವ್ಳೆ ಅಂದ್ರೆ ಜಯಮ್ಮ ಸಾಮಾನ್ಯದೋಳಲ್ಲ ಬುಡಿ.”

ಎಲ್ಲರೂ ನಕ್ಕರು. ನಾನೂ ನಕ್ಕೆ, ಅಭ್ಯಾಸಬಲ. ಬಾಗಿಲ ಬಳಿ ಒಬ್ಬರು ಮಾತ್ರ ನಗಲಿಲ್ಲ. ಅವರು ಪುಸ್ತಕವನ್ನೂ ನನ್ನನ್ನೂ ಮತ್ತೆ ಮತ್ತೆ ನೋಡಿದರು. ಆತುಕೊಂಡ ಕಂಬ ಅಲ್ಲಾಡಿದಾಗ ಮನುಷ್ಯರ ಮುಖ ಹಾಗಾಗುತ್ತದೆ. ಎಲ್ಲ ದಿನವೂ ಚೆನ್ನಾಗಿದೆ ಎಂದವನ ಮಾತು, ನಿಜಕ್ಕೂ ಚೆನ್ನಾಗಿದ್ದ ದಿನಕ್ಕೆ ಉಪಯೋಗಕ್ಕೆ ಬರುವುದಿಲ್ಲ ಎಂಬುದು ನನಗೆ ತಿಳಿದದ್ದು ಆಗ. ಒಂಬತ್ತು ವರ್ಷದಲ್ಲಿ ಒಂದೇ ಒಂದು ದಿನ “ಉಪ್ಪು ಕಡಿಮೆ” ಎಂದು ಬರೆದಿದ್ದರೂ ಸಾಕಿತ್ತು. ಉಳಿದ ದಿನಗಳೆಲ್ಲ ನಿಜವಾಗುತ್ತಿದ್ದವು.

ಹೆಡ್ ಮಾಸ್ತರರು ಪೆನ್ನಿನ ಮುಚ್ಚಳ ತೆಗೆದರು. ನಾನು ಎದ್ದು ನಿಂತೆ. ಏಕೆ ಎದ್ದೆನೆಂದು ಕೇಳಿದರೆ ಹೇಳಲಾರೆ. ಮೂರು ದಿನದಿಂದ ಕೂರಲಾಗದ ಕಾಲುಗಳು ತಾವಾಗಿ ಎದ್ದವೆಂದು ಕಾಣುತ್ತದೆ.

“ಸಾರ್, ಐ ಡಿಸಗ್ರೀ” ಎಂದೆ.

“ಕನ್ನಡದಲ್ಲಿ ಯೋಳಿ ಮೇಷ್ಟ್ರೇ” ಎಂದರು ಗೌಡರು, “ಇಲ್ಲಿ ಇನ್ಸ್‌ಪೆಕ್ಟ್ರು ಯಾರೂ ಬಂದಿಲ್ಲ.”

ಕಷ್ಟವಿದ್ದದ್ದು ಅಲ್ಲೇ. ಇಂಗ್ಲಿಷಿನಲ್ಲಿ ಹೇಳುವುದು ಬಟ್ಟೆ ಸುತ್ತಿಕೊಂಡು ಬಿಸಿ ಪಾತ್ರೆ ಇಳಿಸಿದ ಹಾಗೆ, ಸುಡುವುದಿಲ್ಲ. ಕನ್ನಡದಲ್ಲಿ ಎದುರಿಗೆ ಚನ್ನೇಗೌಡರು ಕೂತಿರುತ್ತಾರೆ. ಎರಡು ಸಲ ಗಂಟಲು ಸರಿಮಾಡಿಕೊಂಡು, “ನಾನು ಇದನ್ನು ಒಪ್ಪುವುದಿಲ್ಲ” ಎಂದೆ. “ಪುಸ್ತಕ ಸುಳ್ಳು, ಸೋಮವಾರವೇ ವಾರಕ್ಕೆಲ್ಲ ಬರೆದಿಡುತ್ತೇನೆ, ಅದು ನನ್ನ ತಪ್ಪು. ಬುಧವಾರದ ಸಾಂಬಾರು ಮಾತ್ರ ನಿಜವಾಗಿ ಚೆನ್ನಾಗಿತ್ತು.”

“ಸಾಕ್ಷಿ?” ಎಂದರು ಗೌಡರು.

ಸಾಕ್ಷಿ ಇತ್ತು, ಆದರೆ ಅದನ್ನು ಹೊರಗೆ ತೆಗೆಯುವ ಮುಂಚೆ ನಾನು ಇನ್ನೊಮ್ಮೆ ಯೋಚಿಸಬೇಕಿತ್ತು. ಯೋಚಿಸಲಿಲ್ಲ. “ಬುಧವಾರ ಸೊಪ್ಪಿನ ಸಾಂಬಾರಿಗೆ ಮೂರು ಸಲ ಅನ್ನ ಹಾಕಿಸಿಕೊಂಡು ಉಂಡೆ. ಮನೆಯಿಂದ ತಂದಿದ್ದ ಉಪ್ಪಿಟ್ಟಿನ ಡಬ್ಬಿಯನ್ನು ತೆರೆಯಲೇ ಇಲ್ಲ. ತುಂಬಿದ ಡಬ್ಬಿಯನ್ನು ಹಾಗೇ ವಾಪಸು ಒಯ್ದೆ. ಮನೆಯಲ್ಲಿ ಕೇಳಿದ್ದಕ್ಕೆ, ಮೀಟಿಂಗ್ ಇತ್ತು, ತಿನ್ನಲು ಹೊತ್ತು ಸಿಗಲಿಲ್ಲ ಎಂದು ಸುಳ್ಳು ಹೇಳಿದೆ” ಎಂದೆ.

ಸಮಿತಿಯಲ್ಲಿ ಕಾಳಮ್ಮ ಎಂಬ ಹಿರಿಯ ಹೆಂಗಸೊಬ್ಬರಿದ್ದಾರೆ. ಅವರ ಮೊಮ್ಮಗಳು ಆರನೇ ತರಗತಿ. ಸಾಮಾನ್ಯವಾಗಿ ಸಭೆಯಲ್ಲಿ ಟೀ ಕುಡಿದು ಸುಮ್ಮನಿರುವವರು. ಅಂದು ಲೋಟ ಕೆಳಗಿಟ್ಟು, “ಎಡ್ತಿ ಮಾಡ್ಕೊಟ್ಟಿದ್ನ ಬುಟ್ಟು ಇದ ಉಂಡವ್ರೆ, ಮ್ಯಾಲೆ ಎಡ್ತಿ ತಾವ ಸುಳ್ಳೂ ಯೋಳವ್ರೆ. ಇಷ್ಟೆಲ್ಲ ಮಾಡ್ಬೇಕಾದ್ರೆ ಸಾಂಬಾರು ಚೆಂದಾಗೇ ಇತ್ತು ಕಣಪ್ಪ ಚನ್ನೇಗೌಡ” ಎಂದರು. “ಮಕ್ಳಿಗಿಂತ ಮುಂಚೆ ನಿನ್ ನೆಂಟ್ರಿಗೆ ಇಕ್ಲಿಲ್ಲ ಅಂತ ತಾನೆ ನಿಂಗ್ ಉರಿ? ನನ್ ಮೊಮ್ಮಗ್ಳು ಯೋಳವ್ಳೆ, ಬುಡು.”

“ಅಂಗಲ್ಲ ಕಾಳಕ್ಕ...” ಎಂದರು ಗೌಡರು.

“ಇನ್ನೆಂಗೆ?”

“ಆಯ್ತು, ನೋಡನ ಬುಡಿ” ಎಂದರು ಗೌಡರು. ಅದರ ಅರ್ಥ ಎಲ್ಲರಿಗೂ ಗೊತ್ತು. ಈಗ ಉಳಿದ ಸಮಸ್ಯೆ ಹೆಡ್ ಮಾಸ್ತರರದ್ದು. ಮೊದಲೇ ಬರೆದಿಟ್ಟ “ಸರ್ವಾನುಮತದಿಂದ” ಅಲ್ಲೇ ಕಾಯುತ್ತಿತ್ತು, ಕೆಳಗೆ ಸಹಿಗಳೂ ಇದ್ದವು. ಸ್ವಲ್ಪ ಯೋಚಿಸಿ, ನೀರಿನ ಟ್ಯಾಂಕನ್ನು ತೊಳೆಸಲು ತೀರ್ಮಾನಿಸಲಾಯಿತು ಎಂದು ಬರೆದು ಮುಗಿಸಿದರು. ಜಯಮ್ಮ ನನ್ನ ಪಕ್ಕದಲ್ಲೇ ಹಾದುಹೋದರು. ಕೃತಜ್ಞತೆ ಹೇಳುತ್ತಾರೆಂದು ಕಾದೆ. “ಬೇಳೆ ಸೀದಿದ್ ದಿನ್ವೂ ಚೆಂದಾಗೈತೆ ಅಂತ್ಲೇ ಬರ್ದಿದ್ರಾ ಸಾ?” ಎಂದಷ್ಟೇ ಕೇಳಿದರು.

ನಾನು ಪಾಂಡವಪುರಕ್ಕೆ ಬಸ್ಸಿನಲ್ಲಿ ಬಂದೆ. ಸುದ್ದಿ ಫೋನಿನಲ್ಲಿ ಬಂದಿತ್ತು. ಕಾಳಮ್ಮನ ತಂಗಿಯ ಮಗಳು ನಮ್ಮದೇ ಬೀದಿಯವಳು. ಸುಮಿತ್ರಾ ಬಾಗಿಲಲ್ಲೇ ನಿಂತಿದ್ದಳು. “ಮೀಟಿಂಗ್ ಇತ್ತಾ ಬುಧವಾರ?” ಎಂದಳು. ನಾನು ಚಪ್ಪಲಿ ಬಿಡುವುದರಲ್ಲಿ ಮಗ್ನನಾದೆ. “ಮದುವೆಯಾದಾಗಿನಿಂದ ಉಪ್ಪಿಟ್ಟು ಚೆನ್ನಾಗಿದೆ, ಚೆನ್ನಾಗಿದೆ ಅಂತಿದ್ದೀರಲ್ಲ, ಅದೂ ಸೋಮವಾರವೇ ಬರೆದಿಟ್ಟದ್ದಾ?” ಅವಳು ಕೆ.ಆರ್. ಪೇಟೆಯವಳು, ದನಿ ಏರಿಸುವುದಿಲ್ಲ. ಏರಿಸಿದ್ದರೆ ಚೆನ್ನಾಗಿತ್ತು. “ರವೆ ಇನ್ನೂ ಸ್ವಲ್ಪ ಹುರಿದಿದ್ದರೆ...” ಎಂದು ಶುರುಮಾಡಿದೆ, ಇಷ್ಟು ವರ್ಷಕ್ಕೆ ಮೊದಲ ಬಾರಿಗೆ. ಅವಳು ಒಳಗೆ ಹೋದಳು. ಸೋಮವಾರ ಬೆಳಿಗ್ಗೆ ನನ್ನ ಚೀಲ ಹಗುರವಾಗಿತ್ತು. ಒಳಗೆ ಡಬ್ಬಿ ಇರಲಿಲ್ಲ.

ಹಾಗಾಗಿ ಆ ಸೋಮವಾರ ನಾನು ಜಯಮ್ಮನ ಅಡುಗೆಯನ್ನೇ ನಂಬಿ ಶಾಲೆಗೆ ಹೋದೆ. ಇನ್ನು ಮುಂದೆ ಆಯಾ ದಿನದ್ದನ್ನು ಆಯಾ ದಿನವೇ, ಇದ್ದದ್ದನ್ನು ಇದ್ದ ಹಾಗೆ ಬರೆಯಬೇಕೆಂದು ನಿಶ್ಚಯಿಸಿಕೊಂಡಿದ್ದೆ. ಹನ್ನೆರಡೂವರೆಗೆ ಜಯಮ್ಮ ಅಂಗೈಗೆ ಒಂದು ಸೌಟು ಹಾಕಿದರು. ನೆಕ್ಕಿದೆ. ಉಪ್ಪು ಹೆಚ್ಚಾಗಿತ್ತು, ಅನುಮಾನವಿಲ್ಲ, ಎರಡು ಸಲ ನೆಕ್ಕಿ ನೋಡಿದೆ. ಪುಸ್ತಕ ತೆರೆದು, ಆ ದಿನದ ಸಾಲಿನಲ್ಲಿ “ಉಪ್ಪು ಸ್ವಲ್ಪ ಹೆಚ್ಚು” ಎಂದು ಬರೆದೆ. ಬರೆದದ್ದನ್ನು ಗಟ್ಟಿಯಾಗಿ ಓದಿಯೂ ಹೇಳಿದೆ. ಜಯಮ್ಮ ತಾವೂ ಒಂದು ತೊಟ್ಟು ನೆಕ್ಕಿದರು. “ನಾ ಒಪ್ಪಕಿಲ್ಲ” ಎಂದರು. ಎಷ್ಟು ಸಲೀಸಾಗಿ! ಗಂಟಲು ಸರಿಮಾಡಿಕೊಳ್ಳಲಿಲ್ಲ, ಎದ್ದು ನಿಲ್ಲಲಿಲ್ಲ, ಇಂಗ್ಲಿಷಿನ ನೆರವು ಕೇಳಲಿಲ್ಲ. ಆಮೇಲೆ ಸೌಟನ್ನು ಪಾತ್ರೆಯ ಅಂಚಿಗೆ ಇಟ್ಟುಕೊಂಡು, ನನ್ನ ಖಾಲಿ ತಟ್ಟೆಯ ಕಡೆಗೊಮ್ಮೆ, ನನ್ನ ಪೆನ್ನಿನ ಕಡೆಗೊಮ್ಮೆ ನೋಡುತ್ತ ನಿಂತರು. ನನಗೆ ಹಸಿವಾಗಿತ್ತು. ಮುಚ್ಚಳ ಹಾಕಿದ್ದ ಪೆನ್ನನ್ನು ಮತ್ತೆ ತೆರೆದು, ಅದೇ ಸಾಲಿನ ಕೊನೆಗೆ, ಸಣ್ಣ ಅಕ್ಷರದಲ್ಲಿ, “ಆದರೂ ರುಚಿಯಾಗಿದೆ” ಎಂದು ಸೇರಿಸಿ ಸಹಿ ಮಾಡಿದೆ.