ಕಂಪೈಲರಿಗೂ ರಾಹುಕಾಲ

ಎಚ್ಚರವಾಗಿದ್ದೇ ಕನಸು ಕಾಣುವುದರಲ್ಲಿ ನಮ್ಮ ಕಾಕಾನನ್ನು ಮೀರಿಸುವವರು ಇಡೀ ಪುಣೆಯಲ್ಲಿ ಇಲ್ಲ! ನಂಬಿಕೆಯಿಲ್ಲವೇ? ಬಿಬವೇವಾಡಿಯ ಅವರ ಬಳೆ ಅಂಗಡಿಗೆ ನೀವು ಹೋಗಬೇಕಿತ್ತು. ಗಿರಾಕಿಯ ಕೈಗೆ ಬಳೆ ಏರಿಸುತ್ತ ಏರಿಸುತ್ತ, ಆ ಕೈ ಹಿಡಿದುಕೊಂಡೇ ಮೋಡ ನೋಡುತ್ತ ನಿಂತುಬಿಡುವರು. "ಅಹೋ ಕಾಕಾ, ಹಾತ್ ಸೋಡಾ!" ಎಂದು ಆ ಹೆಂಗಸು ಕೈ ಬಿಡಿಸಿಕೊಳ್ಳುತ್ತ ಮರಾಠಿಯಲ್ಲಿ ಕೂಗಿದ ಮೇಲೆಯೇ ಭೂಮಿಗಿಳಿಯುವುದು.

ಇಂಥವರು ಕಂಪ್ಯೂಟರ್ ಕೊಂಡರು! ಕಾರಣವಿತ್ತು. ಅವರ ಹೆಂಡತಿ, ನಮ್ಮ ಕಾಕುಗೆ ಲಕ್ವಾ ಹೊಡೆದು ಮಾತು ನಿಂತುಹೋಗಿತ್ತು. ಮಹಡಿಯ ಮೇಲೆ ಅವರು ಒಂದು ಗುಂಡಿ ಒತ್ತಿದರೆ ಕಂಪ್ಯೂಟರೇ ಅವರ ಪರವಾಗಿ ಕೂಗಬೇಕು, ಕೆಳಗೆ ಅಂಗಡಿಯಲ್ಲಿ ಕೇಳಿಸಬೇಕು. ಅದಕ್ಕಾಗಿ ಕಾಕಾ ಕಾಲೇಜು ಹುಡುಗರ ನಡುವೆ ಕೂತು ಪ್ರೋಗ್ರಾಮ್ ಬರೆಯುವುದನ್ನೂ ಕಲಿತರು. ಬರೆದದ್ದು ಯಂತ್ರಕ್ಕೆ ತಿಳಿಯಬೇಕಾದರೆ ಕಂಪೈಲರ್ ಬೇಕಲ್ಲ? ವಿಮಾನ ನಗರದ ಆಫೀಸಿನಲ್ಲಿದ್ದ ನಾನು ಅದರ ಸಿ.ಡಿ. ತಂದುಕೊಟ್ಟೆ.

"ಎಷ್ಟು ಕೊಟ್ಟಿ?"

"ಪುಕ್ಕಟೆ, ಕಾಕಾ."

"ಪುಕ್ಕಟೆ? ಹಂಗಾರ ಎಲ್ಲೋ ಸೀಳಿರಬೇಕು!"

ಬಳೆಯಂತೆ ಅದನ್ನೂ ಉಗುರಿನಿಂದ ತಟ್ಟಿ ಸದ್ದು ಕೇಳಿದರು. ಬೆಳಕಿಗೆ ಹಿಡಿದರು. ಸಿ.ಡಿ.ಯ ಮೇಲೆ ಕಾಮನಬಿಲ್ಲು ಮೂಡಿತು, ಕಾಕಾ ಮಾಯ! "ಈ ಬಣ್ಣದಾಗ ಬಳಿ ಬಂದ್ರ ಭಾಳ ಛಂದ ಅಲ್ಲೇನೋ..."

ರವಿವಾರ ಮಧ್ಯಾಹ್ನ ಕುಂಕುಮ ಹಚ್ಚಿ ಕಂಪೈಲರ್ ಹಾಕಲು ಕೂತೆವು. ಪರದೆಯ ಮೇಲೆ ನೀಲಿ ಪಟ್ಟಿ ಮೆಲ್ಲಗೆ ತೆವಳತೊಡಗಿತು. ನಾನು ಚಹಾ ಕುಡಿದು ಬರುವಷ್ಟರಲ್ಲಿ ಎಲ್ಲ ಕಪ್ಪು!

"ಕರೆಂಟ್ ಹೋತೇನ್ರಿ?"

"ಇಲ್ಲೋ, ನಾನೇ ಪ್ಲಗ್ ಕಿತ್ತೀನಿ. ರಾಹುಕಾಲ ಬಂತು."

"ಕಾಕಾ! ಮೊದಲೇ ಶುರು ಮಾಡಿದ ಕೆಲಸಕ್ಕ ರಾಹುಕಾಲ ತಟ್ಟೂದಿಲ್ರೀ!"

"ಅದು ನಮಗ ಗೊತ್ತು. ಕಂಪ್ಯೂಟರಿಗೆ ಗೊತ್ತಿರಬೇಕಲ್ಲ? ನಿಮ್ಮ ಕಾಕು ಮಾತಿನ ವಿಷಯ ಅದ ಇದು. ರಿಸ್ಕ್ ಬ್ಯಾಡ."

ಅರ್ಧ ಬೆಂದ ಕಂಪೈಲರ್ ಮತ್ತೆ ಏಳಲೇ ಇಲ್ಲ. ಹಲ್ಲು ಕಚ್ಚಿಕೊಂಡು ಮುಂದಿನ ರವಿವಾರ ಬೆಳಿಗ್ಗೆಯೇ ಹೋಗಿ ಮೊದಲಿನಿಂದ ಹಾಕಿಕೊಟ್ಟೆ. ಆಮೇಲೆ ಕಾಕಾ ಅರ್ಧ ಸಾಲು ಬರೆದು ಮೋಡ ನೋಡುವುದು, ಕಂಪೈಲರ್ ತಪ್ಪು ತೋರಿಸುವುದು. "ಥೇಟ್ ನಿಮ್ಮ ಕಾಕುನೇ ನೋಡು, ಒಂದೂ ಬಿಡೂದಿಲ್ಲ!" ಎಂದು ಅವರಿಗೆ ಭಾರೀ ಸಂತೋಷ.

ಕೊನೆಗೊಂದು ದಿನ ಪ್ರೋಗ್ರಾಮ್ ಓಡಿತು. ಕಾಕುವಿನ ದನಿ ಎಲ್ಲಿಂದ ತರುವುದು? ಎಲ್ಲ ಮಾತನ್ನೂ ಕಾಕಾ ತಮ್ಮ ಗೊಗ್ಗರು ದನಿಯಲ್ಲೇ ತುಂಬಿಸಿದ್ದರು. ಗುಂಡಿಗಳ ಮೇಲೆ ಚೀಟಿ ಅಂಟಿಸಿದ್ದರು: ಚಹಾ, ನೀರು, ಫ್ಯಾನ್. ಕಾಕುವನ್ನು ಕುರ್ಚಿಯಲ್ಲಿ ಕೂರಿಸಿ ಅವರ ಪಕ್ಕದಲ್ಲೇ ನಿಂತರು. ಚಹಾ ಕೇಳುತ್ತಾರೆಂದು ನಾನು ಕಾದೆ. ಕಾಕುವಿನ ಎಡಗೈ ಬೆರಳು ನಡುಗುತ್ತ ಚಹಾ ದಾಟಿತು, ನೀರು ದಾಟಿತು, ಮೂಲೆಯ ಗುಂಡಿ ಒತ್ತಿತು. ಕಾಕಾನ ದನಿಯಲ್ಲಿ ಕಂಪ್ಯೂಟರ್ ಕೂಗಿತು:

"ಏನ್ರೀ, ಊಟಕ್ಕ ಬರ್ರೀ!"

ಎಷ್ಟೋ ವರ್ಷ ಕಾಕು ಮೆಟ್ಟಿಲ ಮೇಲೆ ನಿಂತು ಕೂಗುತ್ತಿದ್ದ ಮಾತು. ಒಂದೇ ಕೂಗಿಗೆ ಕಾಕಾ ಓಗೊಟ್ಟದ್ದನ್ನು ನಾನಂತೂ ಕಂಡಿರಲಿಲ್ಲ. ಕಾಕಾ ಧೋತರದ ಚುಂಗಿನಿಂದ ಕಣ್ಣೊರೆಸಿಕೊಂಡರು. ಹೆಂಡತಿಯ ಪಕ್ಕದಲ್ಲೇ ನಿಂತವರು, ಕೆಳಗೆ ಅಂಗಡಿಯಲ್ಲಿದ್ದವರಂತೆ ಗಟ್ಟಿಯಾಗಿ ಕೂಗಿ ಹೇಳಿದರು:

"ಬಂದೆ, ಬಂದೆ!"