ಭಾನುವಾರ ಸತ್ತ ನಮ್ಮತ್ತೆ

ಭಾನುವಾರ ಮಧ್ಯಾಹ್ನ ಬಾಗಲಕೋಟೆಯ ನವನಗರದಲ್ಲಿ ಎಲ್ಲರ ಮನೆಯಲ್ಲೂ ಜನ ಉಂಡು ಮಲಗುತ್ತಾರೆ. ನಮ್ಮ ಮನೆಯಲ್ಲಿ ಮಾತ್ರ ಯಾರಾದರೊಬ್ಬರು ಸಾಯುತ್ತಾರೆ, ಇಲ್ಲವೇ ಸತ್ತವರು ಎದ್ದು ಕೂಡುತ್ತಾರೆ. ಪಕ್ಕದ ಮನೆಯವರಿಗೆ ಮೊದಮೊದಲು ಗಾಬರಿಯಾಗುತ್ತಿತ್ತು. ಈಗ ಕಾಂಪೌಂಡಿನ ಆಚೆ ನಿಂತೇ "ಇವತ್ತ ಯಾರ ಪಾಳಿ ರೀ?" ಎಂದು ಕೇಳಿ ತಮ್ಮ ಪಾಡಿಗೆ ಬಟ್ಟೆ ಒಣಹಾಕುತ್ತಾರೆ.

ಇದೆಲ್ಲ ಶುರುವಾದದ್ದು ಒಂದು ದಪ್ಪ ಪುಸ್ತಕದಿಂದ. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು. ಜೊತೆಯ ಟೀಚರೊಬ್ಬರು ವರ್ಗವಾಗಿ ಹೋಗುವಾಗ "ಮನ್ಯಾಗ ಸುಮ್ನ ಬಿದ್ದಿತ್ತು, ನೀವರ ಓದ್ರಿ" ಎಂದು ಅದನ್ನು ಕೊಟ್ಟು ಹೋದರು. ಅದು ಕಲ್ಪನೆಯ ಲೋಕವೊಂದರ ಆಟದ ಪುಸ್ತಕ. ಆಡಲು ಟಿವಿ, ಮೊಬೈಲು ಏನೂ ಬೇಡ. ಒಬ್ಬರು ಕಥೆ ಹೇಳಬೇಕು. ಉಳಿದವರು ಒಂದೊಂದು ಪಾತ್ರವಾಗಿ "ನಾ ಬಾಗಲಾ ತಗೀತೇನಿ", "ನಾ ಕತ್ತಿ ಹಿರೀತೇನಿ" ಅನ್ನಬೇಕು. ಬಾಗಿಲು ತೆರೆಯಿತೋ ಇಲ್ಲವೋ ಎಂಬುದನ್ನು ದಾಳ ಉರುಳಿಸಿ ನೋಡಬೇಕು. ನನ್ನನ್ನು ಹಿಡಿದು ಕೂಡಿಸಿದ್ದು ಅದರಲ್ಲಿನ ದೇವರುಗಳ ಅಧ್ಯಾಯ. ಅಲ್ಲಿ ಗಾಳಿಗೊಬ್ಬ ದೇವರು, ಗೋರಿಗೊಬ್ಬ ದೇವರು. ದೇವರೂ ಸಾಯುತ್ತಾರೆ, ಸತ್ತ ಮನುಷ್ಯರೂ ಏಳುತ್ತಾರೆ, ಎರಡಕ್ಕೂ ನಿಯಮಗಳಿವೆ. ವರ್ಷವಿಡೀ ವೇಗ, ಬಲ, ಒತ್ತಡ ಎಂದು ಬೋರ್ಡಿನ ಮೇಲೆ ಬರೆಯುವ ನನಗೆ, ಸತ್ತ ಮೇಲೆ ಏನಾಗುತ್ತದೆ ಎಂಬುದನ್ನು ಇಷ್ಟು ಧೈರ್ಯವಾಗಿ ಬರೆದಿಟ್ಟವರನ್ನು ಕಂಡು ಭಾರಿ ಕುತೂಹಲವಾಯಿತು.

ಆಡಲು ಸಿಕ್ಕವರು ನನ್ನ ಗಂಡನ ಹಳೆಯ ಗೆಳೆಯರು ಮೂವರು. ಕೋರ್ಟಿಗೆ ಬೇಸಿಗೆ ರಜೆ ಇದ್ದ ಹುನಗುಂದದ ವಕೀಲರು; ಬಿಸಿಲಿಗೆ ಪ್ರವಾಸಿಗಳಿಲ್ಲದೆ ಕುಳಿತಿದ್ದ ಬಾದಾಮಿಯ ಗೈಡು; ಅಂಗಡಿಯನ್ನು ತಮ್ಮನಿಗೆ ಒಪ್ಪಿಸಿ ಬಂದ ಇಳಕಲ್ಲಿನ ಸೀರೆ ವ್ಯಾಪಾರಿ. ವಕೀಲರು ಮಂತ್ರವಾದಿಯಾದರು, ಗೈಡು ಕಳ್ಳನಾದ, ವ್ಯಾಪಾರಿ ಯೋಧನಾದ. ನನ್ನ ಗಂಡ ಆಡಲಿಲ್ಲ. ಗೆಳೆಯರು ತನ್ನನ್ನು ನೋಡಲು ಬಂದಿದ್ದಾರೆಂಬ ನಂಬಿಕೆಯಲ್ಲೇ ಒಳಗೆ ಗೊರಕೆ ಹೊಡೆಯುತ್ತಿದ್ದ.

ನಾಲ್ಕನೆಯವರು ನಮ್ಮತ್ತೆ. ಮಾವ ತೀರಿಕೊಂಡ ಮೇಲೆ ಅವರು ಮಾತು ಬಿಟ್ಟವರಂತೆ ಆಗಿದ್ದರು. ಕೇಳಿದ್ದಕ್ಕೆ ಒಂದು ಹ್ಞೂಂ, ಮತ್ತೆ ಗೋಡೆಯ ಕಡೆ ಮುಖ. ಒಂದು ಭಾನುವಾರ ನಮ್ಮ ಗದ್ದಲ ತಡೆಯಲಾರದೆ ಹೊರಬಂದು, ಸ್ವಲ್ಪ ಹೊತ್ತು ನೋಡಿ, "ನನಗೂ ಒಂದ ಪಾತ್ರ ಕೊಡು" ಎಂದರು. ನನಗೆ ಅಳುವೇ ಬಂತು. "ಪೂಜಾರಿಣಿ ಆಗ್ತೀರೇನ್ರಿ?" ಎಂದೆ. "ಗಂಟಿ ಬಾರಿಸೂದು ನಮಗ್ಯಾಕ? ಗಾಯಕ್ಕ ಔಷಧಿ ಹಚ್ಚೂ ಮುದುಕಿ ಆಗ್ತೇನಿ" ಎಂದರು. ಅಂದಿನಿಂದ ನಮ್ಮತ್ತೆ ಮಾತಾಡತೊಡಗಿದರು. ಆಟ ನಿಲ್ಲಬಾರದು ಎಂದು ನಾನು ಹಟ ಹಿಡಿದದ್ದು ಅದಕ್ಕೇ.

ದೇವರಿಗೊಂದು ಪ್ಲಾಟು

ಪುಸ್ತಕದಲ್ಲಿ ಒಂದು ಮುಳುಗಿದ ಊರಿನ ಕಥೆ ಇತ್ತು. ಸರೋವರ ಏರಿತು, ಗುಡಿ ಮುಳುಗಿತು, ಜನ ಚದುರಿದರು. ಪೂಜಿಸುವವರೇ ಇಲ್ಲದೆ ಆ ಊರಿನ ದೇವರು ಸತ್ತುಹೋದ. ನಾನು ದನಿ ತಗ್ಗಿಸಿ, ಸಾಕಷ್ಟು ದುಃಖ ಬೆರೆಸಿಯೇ ಹೇಳಿದೆ.

ಅತ್ತೆಯ ಹುಬ್ಬು ಗಂಟಿಕ್ಕಿತು. ಅವರು ಹಳೆ ಬಾಗಲಕೋಟೆಯವರು. ಆಣೆಕಟ್ಟಿನ ಹಿನ್ನೀರು ಬಂದಾಗ ಮನೆ ಬಿಟ್ಟು, ಸರ್ಕಾರ ಕೊಟ್ಟ ಪ್ಲಾಟಿಗೆಂದು ನವನಗರಕ್ಕೆ ಬಂದವರು.

"ಯಾಕ ಸತ್ತ? ನಮ್ಮ ಓಣಿ ಮುಳುಗಿದಾಗ ನಮ್ಮ ಗುಡಿ ಹನಮಪ್ಪ ಸತ್ತನೇನು? ಟ್ರ್ಯಾಕ್ಟರ್‌ನಾಗ ಕುಂಡ್ರಿಸ್ಕೊಂಡು, ಬಾಜಾ ಬಜಂತ್ರಿ ಹಚ್ಚಿ ಕರ್ಕೊಂಡು ಬಂದೇವಿ. ಇವರ ಊರಾಗ ಒಂದ ಟ್ರ್ಯಾಕ್ಟರ್ ಸಿಗಲಿಲ್ಲೇನು?"

"ಅಲ್ಲಿ ಟ್ರ್ಯಾಕ್ಟರ್ ಇಲ್ಲರಿ ಅತ್ಯಾರ. ಡ್ರ್ಯಾಗನ್ ಅದಾವು."

"ಹಂಗಾದ್ರ ಅದರ ಮ್ಯಾಲ ಕುಂಡ್ರಿಸ್ರಿ!"

ವಕೀಲರು ತಕ್ಷಣ ಎದ್ದು ನಿಂತರು. ದೇವರಿಗೆ ಪುನರ್ವಸತಿ ಕೊಡದೆ ಸತ್ತನೆಂದು ಘೋಷಿಸುವುದು ಅನ್ಯಾಯ ಎಂದು ವಾದಿಸಿದರು. ನಾನು ಸೋತೆ. ಡ್ರ್ಯಾಗನ್ನಿನ ಮೇಲೆ ಮೆರವಣಿಗೆಯಾಯಿತು, ಸತ್ತ ದೇವರು ಕಣ್ಣು ಬಿಟ್ಟ. ಇನ್ನೇನು ಮುಂದಿನ ಕಥೆಗೆ ಹೋಗಬೇಕು, ಅತ್ತೆ ಕೈ ಅಡ್ಡ ಹಿಡಿದರು. "ತಡಿ. ಆತಗ ಕಾರ್ನರ್ ಪ್ಲಾಟ್ ಕೊಟ್ಟೀರಿಲ್ಲೋ, ಅದನ್ನ ಮೊದಲ ಹೇಳು."

ಜೋಡು ಕಾಯುವ ಯೋಧ

ಆಮೇಲೆ ನಾಲ್ವರೂ ಸಾವಿನ ದೇವರ ನೆಲಮಾಳಿಗೆಯ ಗುಡಿಗೆ ಬಂದರು. ಒಳಗೆ ಕಲ್ಲಿನ ಕಾವಲುಗಾರನಿದ್ದಾನೆ, ಉಸಿರು ಬಿಗಿಹಿಡಿದು ಹೋಗಬೇಕು. ಸಾವಿನ ದೇವರ ಮೂರ್ತಿಗೆ ಎಂಟು ಕೈ ಎಂದು ನಾನು ವರ್ಣಿಸುತ್ತಿದ್ದಂತೆ ಗೈಡು, "ಎಂಟರಾಗ ಏನೇನು ಹಿಡ್ದಾನ್ರಿ?" ಎಂದು ಕೇಳಿದ. ನಾನು ಕತ್ತಿ, ತಕ್ಕಡಿ ಎಂದು ಎರಡಕ್ಕೆ ಉತ್ತರ ಕೊಟ್ಟು ತಡವರಿಸಿದೆ. "ಉಳಿದ ಕೈ ಖಾಲಿ ಏನ್ರಿ? ನಮ್ಮ ಬಾದಾಮ್ಯಾಗ ಹಿಂಗ ಹೇಳಿದ್ರ ಟೂರಿಸ್ಟರು ಎದ್ದು ಹೋಗ್ತಾರ ಅಕ್ಕೋರ." ಶಾಲೆಯ ಮಕ್ಕಳಂತೆ ಇವನೂ ನನ್ನನ್ನು ಅಕ್ಕೋರೇ ಅನ್ನುತ್ತಿದ್ದ.

ಅಷ್ಟರಲ್ಲಿ ಅವನಿಗೆ ಇನ್ನೊಂದು ಹೊಳೆಯಿತು. "ಗುಡಿ ಒಳಗ ಬಂದೇವಲ್ಲ, ಜೋಡು ಎಲ್ಲಿ ಬಿಟ್ವಿ?"

ಎಲ್ಲರ ಮುಖ ಬಿಳಿಚಿತು. ಸಾವಿನ ದೇವರಾದರೇನು, ದೇವರು ದೇವರೇ. ನಾಲ್ವರೂ ಮೆಟ್ಟಿಲು ಹತ್ತಿ ಹೊರಗೆ ಹೋಗಿ ಕಾಲಿನ ಚಪ್ಪಲಿ ಬಿಟ್ಟರು. "ಹಂಗ ಬಿಟ್ಟು ಹೋದ್ರ ಮಂಗ್ಯಾ ಒಯ್ತಾವು" ಎಂದು ಗೈಡು ತನ್ನ ಊರಿನ ಅನುಭವ ಹೇಳಿದ. ಒಬ್ಬರು ಕಾಯಲೇಬೇಕು. ಗಟ್ಟಿಮುಟ್ಟಾದವನು ಯಾರು? ಯೋಧ! ಇಡೀ ದಂಡಿನಲ್ಲಿ ಕತ್ತಿ ಹಿಡಿಯಬಲ್ಲ ಒಬ್ಬನೇ ಒಬ್ಬ ಗಂಡಸು ಜೋಡು ಕಾಯುತ್ತ ಬಾಗಿಲಲ್ಲಿ ಕುಳಿತ. ನಾನು ಕಣ್ಸನ್ನೆ ಮಾಡಿದೆ, ಕೆಮ್ಮಿದೆ. ಯಾರಿಗೂ ಅರ್ಥವಾಗಲಿಲ್ಲ.

ಒಳಗೆ ಕಾವಲುಗಾರ ಎದ್ದ. ಕಳ್ಳ ಓಡಿದ, ಮಂತ್ರವಾದಿ ಮಂತ್ರ ಮರೆತ. ನಮ್ಮತ್ತೆಯ ಮುದುಕಿ ಔಷಧಿ ಡಬ್ಬಿ ಹಿಡಿದು "ಏನಾಗೇತೋ ನಿನಗ, ಎಲ್ಲಿ ನೋಯ್ತೈತಿ?" ಎಂದು ಆ ಕಲ್ಲಿನವನನ್ನೇ ಮಾತಾಡಿಸಲು ಹೋದಳು. ದಾಳ ಕೈಕೊಟ್ಟಿತು. ಮುದುಕಿ ಸತ್ತಳು.

ಅಷ್ಟರಲ್ಲಿ ವ್ಯಾಪಾರಿ ಮೀಸೆ ತಿರುವಿ ವರದಿ ಒಪ್ಪಿಸಿದ. "ನನ್ನ ಕಡೆ ಎಲ್ಲಾ ಬರೋಬ್ಬರಿ ಐತ್ರಿ. ಒಂದ ಜೋಡೂ ಕಳದಿಲ್ಲ."

ಸತ್ತವಳ ಸೀರೆ

ಪುಸ್ತಕದಂತೆ ಶವವನ್ನು ಪೆಟ್ಟಿಗೆಯಲ್ಲಿ ಮಲಗಿಸಬೇಕಿತ್ತು. ಸತ್ತವಳೇ ಒಪ್ಪಲಿಲ್ಲ. "ನಾವು ಬಸವಣ್ಣನ ಮಂದಿ. ನನ್ನ ಕುಂಡ್ರಿಸಿ ಮಣ್ಣ ಮಾಡ್ರಿ, ಹಣಿಗೆ ವಿಭೂತಿ ಇರ್ಲಿ" ಎಂದು ಅತ್ತೆ ತಮ್ಮ ಅಂತ್ಯಕ್ರಿಯೆಗೆ ತಾವೇ ಅಪ್ಪಣೆ ಕೊಟ್ಟರು.

ತನ್ನಿಂದಲೇ ಹೀಗಾಯಿತೆಂದು ವ್ಯಾಪಾರಿಗೆ ಈಗ ನಾಚಿಕೆ ಹತ್ತಿತ್ತು. ಮುದುಕಿಗೆ ಒಂದು ಇಳಕಲ್ ಸೀರೆ ಉಡಿಸುವುದು ತನ್ನ ಲೆಕ್ಕ ಎಂದು ಮೊಬೈಲಿನಲ್ಲಿ ಅಂಗಡಿಯ ಫೋಟೋ ತೋರಿಸಿದ. ಅತ್ತೆ ಕನ್ನಡಕ ಹಾಕಿಕೊಂಡರು. ಒಂದರ ದಡಿ ಸಣ್ಣದು, ಒಂದರ ಬಣ್ಣ ಮಾಸಲು, ಒಂದರ ಸೆರಗು "ಈಗಿನ ಹುಡಿಗ್ಯಾರಿಗೆ ಛಲೋ." ಒಂದು ಹಿಡಿಸಿತು. ಆದರೆ "ರೇಟ್ ಏನ ಹಾಕೀಯೋ? ಸ್ವಲ್ಪ ಕಡಿಮಿ ಮಾಡು" ಎಂದರು.

ವ್ಯಾಪಾರಿ ಕೈ ಮುಗಿದ. "ಅವ್ವಾರ, ಅಜ್ಜನ ಕಾಲದಿಂದ ಅಂಗಡಿ ನಡಸಾಕತ್ತೇವಿ. ಸತ್ತಾಕಿ ಬಂದು ಚೌಕಾಶಿ ಮಾಡಿದ್ದು ಇದ ಮೊದಲ!"

ಹುನಗುಂದದ ವಕೀಲರ ವಾದ

ನಗೆಯೇನೋ ನಡೆಯಿತು. ಆದರೆ ಮುಂದಿನ ಭಾನುವಾರ ಅತ್ತೆ ಹೊರಗೆ ಬರಲಿಲ್ಲ. "ಸತ್ತಾಕಿ ನಾ, ನಂದೇನ ಕೆಲಸ ಅಲ್ಲೆ?" ಎಂದು ಗೋಡೆಗೆ ಮುಖ ಮಾಡಿ ಮಲಗಿದರು. ವಾರವಿಡೀ ಮತ್ತೆ ಅದೇ ಹ್ಞೂಂ. ಹೇಗಾದರೂ ಆ ಮುದುಕಿಯನ್ನು ಎಬ್ಬಿಸಲೇಬೇಕಿತ್ತು.

ಪುಸ್ತಕ ತಿರುವಿದೆ. ಸಾವಿನ ದೇವರು ಒಪ್ಪಿದರೆ ಸತ್ತವರು ಬರಬಹುದು. ಬೇಕೆಂದೇ ಅತ್ತೆಯ ಕೋಣೆಯ ಬಾಗಿಲ ಬಳಿ ಕೂತು ಆಡಿದೆವು. ಸಾವಿನ ದೇವರು ನಾನೇ. ಸುಮ್ಮನೆ ಒಪ್ಪಿದರೆ ಆಟಕ್ಕೆ ಬೆಲೆಯಿಲ್ಲವೆಂದು ಮುಖ ಗಂಟು ಹಾಕಿ ಕೂತೆ. ವಕೀಲರು ಹೆಗಲ ಟವೆಲ್ಲನ್ನು ಕೋಟಿನಂತೆ ಎಳೆದುಕೊಂಡರು.

"ಯಮಧರ್ಮರಾಯರ, ಈ ಮುದುಕಿ ಸತ್ತಾಳ ಅನ್ನೂದಕ್ಕ ನಿಮ್ಮ ಕಡೆ ಸಾಕ್ಷಿ ಯಾರು?"

"ಕಾವಲುಗಾರ."

"ಕಲ್ಲು ಸಾಕ್ಷಿ ಹೇಳೂದಿಲ್ಲರಿ. ಮತ್ತ್ಯಾರು?"

"ಹಂಗಾದ್ರ ಸತ್ತಾಕಿನ ಸಾಕ್ಷಿ!" ಎಂದೆ ಸಿಟ್ಟಿನಲ್ಲಿ.

ವಕೀಲರು ಅಂಗೈ ತಟ್ಟಿದರು. "ಭಾಳ ಛಲೋ! ಸಾಕ್ಷಿ ಹೇಳಾಕ ಆಕಿ ಎದ್ದು ಬರಬೇಕಲ್ಲರಿ? ಎಬ್ಬಸ್ರಿ!"

ವಿಜ್ಞಾನ ಓದಿದ ಯಮ ಸೋಲೊಪ್ಪಿದ. ಸ್ಥಳದಲ್ಲೇ ಆರ್ಡರ್ ಆಯಿತು.

ಆಚೆ ಕಡೆಯವರು

ಆದರೆ ಪುಸ್ತಕದಲ್ಲಿ ಇನ್ನೊಂದು ನಿಯಮವಿತ್ತು. ದೇವರು ಒಪ್ಪಿದರೆ ಸಾಲದು, ಸತ್ತವರಿಗೂ ಬರುವ ಮನಸ್ಸಿರಬೇಕು. ಬಲವಂತಕ್ಕೆ ಎಬ್ಬಿಸುವಂತಿಲ್ಲ. ನಾವು ನಾಲ್ವರೂ ಕೋಣೆಯೊಳಗೆ ಹೋಗಿ ಮಂಚದ ಸುತ್ತ ನಿಂತೆವು.

"ಅತ್ಯಾರ, ಬರ್ತೀರೇನ್ರಿ?"

"ಒಲ್ಲೆ. ಲಿಂಗದಾಗ ಐಕ್ಯ ಆದವರು ಹೊಳ್ಳಿ ಬರೂದಿಲ್ಲ."

"ಅದು ನಿಮ್ಮ ಕಾನೂನು ಅವ್ವಾರ, ಇದು ಆಟದ ಕಾನೂನು. ಕೋರ್ಟ್ ಬ್ಯಾರೆ" ಎಂದರು ವಕೀಲರು.

ಅತ್ತೆ ಈ ಕಡೆ ಹೊರಳಿದರು. ಕಣ್ಣಲ್ಲಿ ಕುತೂಹಲವಿತ್ತು. "ಅಲ್ಲೆ ಹೆಂಗ ಐತಿ? ಮೊಣಕಾಲ ನೋವು ಇರ್ತೈತೇನು?"

"ಇಲ್ಲರಿ."

"ಅಡಗಿ ಯಾರ ಮಾಡ್ತಾರ?"

"ಅಲ್ಲೆ ಒಲಿನ ಇಲ್ಲರಿ. ಹಸಿವೂ ಇಲ್ಲ" ಎಂದೆ, ಪುಸ್ತಕದಲ್ಲಿ ಇದ್ದಂತೆ.

"ಮತ್ತ್ಯಾಕ ಬರ್ಲಿ? ನಾ ಅಲ್ಲೇ ಆರಾಮ ಅದೇನಿ."

ನನಗೆ ನನ್ನ ಮೇಲೇ ಸಿಟ್ಟು ಬಂತು. ಒಂದೆರಡು ತೊಂದರೆ ಸೇರಿಸಿ ಹೇಳಬಾರದಿತ್ತೇ! ಅಷ್ಟರಲ್ಲಿ ಅತ್ತೆ ದನಿ ಇಳಿಸಿ ಕೇಳಿದರು. "ನಿಮ್ಮ ಮಾವ ಅದಾರೇನು ಅಲ್ಲೆ?"

ಇದಕ್ಕೆ ನಿಯಮ ಪುಸ್ತಕದಲ್ಲಿರಲಿಲ್ಲ. ಇಲ್ಲ ಅನ್ನಲು ನನಗೆ ಬಾಯಿ ಬರಲಿಲ್ಲ. ಇದ್ದಾರೆ ಅಂದರೆ ಅತ್ತೆ ಅಲ್ಲೇ ಉಳಿದುಬಿಡುತ್ತಾರೆ. ಆದರೂ ಅಂದೆ, "ಅದಾರ್ರಿ."

"ಏನ ಮಾಡಾಕತ್ತಾರ?"

"ಖುರ್ಚಿ ಮ್ಯಾಲ ಕುಂತು ಪೇಪರ್ ಓದಾಕತ್ತಾರ."

ಅತ್ತೆಯ ಮುಖ ಅರಳಿತು. ಎಷ್ಟೋ ದಿನಗಳಿಂದ ಆ ಮುಖ ಹಾಗೆ ಅರಳಿದ್ದನ್ನು ನಾನು ಕಂಡಿರಲಿಲ್ಲ. "ನನ್ನ ನೋಡಿದ್ರೇನು?"

"ನೋಡಿದ್ರು."

"ಏನಂದ್ರು?"

ನಾನು ಯೋಚಿಸಲಿಲ್ಲ. ಈ ಮನೆಯಲ್ಲಿ ವರ್ಷಗಟ್ಟಲೆ ಕೇಳಿದ ಮಾತೇ ಬಾಯಿಗೆ ಬಂತು. "'ಬಂದೇನು? ಛಲೋ ಆತು. ಒಂದ ಕಪ್ ಚಾ ಮಾಡು' ಅಂದ್ರು."

ಅತ್ತೆ ಧಿಗ್ಗನೆ ಎದ್ದು ಕೂತರು. "ನೋಡಿದ್ರೇನ್ರಿ ಇವರ್ನ! ಅಲ್ಲೆ ಒಲಿನ ಇಲ್ಲಂತ, ಇವರಿಗೆ ಚಾ ಬೇಕಂತ!" ಸೆರಗು ಸರಿಮಾಡಿಕೊಂಡು ವಕೀಲರ ಕಡೆ ಕೈ ಚಾಚಿದರು. "ಎಲ್ಲೈತ್ರಿ ನಿಮ್ಮ ಆರ್ಡರ್? ಲಗೂನ ಎಬ್ಬಸ್ರಿ ನನ್ನ. ಅವರು ಎರಡನೇ ಕಪ್ ಕೇಳೂದ್ರಾಗ ನಾ ಹೊರಗ ಬರಬೇಕು!"